ವೆರೆಲ್‌ಗೆ ಎರಡನೆಯ ಬೊಂಬೆ

ಪಶ್ಚಿಮದ ಬೆಟ್ಟದಡಿ ಮಲಗಿರುವ ನನ್ನ ವೆರೆಲ್‌ಗೆ, ನಿನ್ನ ಗಂಡ ಪೆನ್ಬುಯ್ ಬರೆಯುವುದು.

ಅಲ್ಲಿ ಕ್ಷೇಮವೇ? ನೀನು ಹೋದ ಮೇಲೆ ನದಿ ಮೂರು ಸಲ ಉಕ್ಕಿ ಇಳಿಯಿತು.

ನಿನ್ನೆ ಮಧ್ಯಾಹ್ನ ಶವಪೆಟ್ಟಿಗೆಯೊಂದಕ್ಕೆ ಬಣ್ಣ ಹಚ್ಚುತ್ತಿದ್ದಾಗ ಜೋಂಪು ಹತ್ತಿತು. ಕನಸಿನಲ್ಲಿ ನೀನು ಸತ್ತವರ ಹೊಲದಲ್ಲಿ, ಆಳೆತ್ತರದ ಗೋಧಿಯ ನಡುವೆ, ಮೊಣಕೈವರೆಗೆ ಕೆಸರು ಮೆತ್ತಿಕೊಂಡು ನಿಂತಿದ್ದೆ.

"ನಿನ್ನ ಬದ್ಲು ದುಡೀಲಿ ಅಂತ ಗೋರಿಯೊಳಗೆ ಬೊಂಬೆ ಇಟ್ಟಿದ್ನಲ್ಲ, ಅದೆಲ್ಲಿ?" ಎಂದೆ ನಾನು.

"ಬದುವಿನ ಮೇಲೆ ಮಲಗ್ಸಿದೀನಿ. ಅದಕ್ಕೆ ನಿನ್ನ ಮುಖಾನೇ ಕೆತ್ತಿದೀಯಲ್ಲೋ ಮಾರಾಯ! ಏಳು, ಗುದ್ಲಿ ಹಿಡಿ ಅನ್ನೋಕೆ ಹೆಂಗೆ ಬಾಯಿ ಬರುತ್ತೆ? ಜೀವಮಾನವೆಲ್ಲ ದುಡ್ದೋನು, ಮಲಗ್ಲಿ ಬಿಡು" ಅಂದೆ ನೀನು. ಗಾಳಿ ಬೀಸಿತು, ಗೋಧಿ ತೂಗಿತು, ಆಮೇಲೆ ನೀನು ಕಾಣಲಿಲ್ಲ.

ಜೊತೆಗಿರಲೆಂದು ನನ್ನ ಮುಖ ಕೊಟ್ಟಿದ್ದೆ. ಇಷ್ಟು ದೂರ ಯೋಚಿಸಿರಲಿಲ್ಲ.

ಈ ಓಲೆ ಬರೆದು ನಿನ್ನ ಗೋರಿಯ ಬಳಿ ಇಡುತ್ತಿರುವ ಬಟ್ಟಲಿನಲ್ಲಿ, ರೊಟ್ಟಿಯ ಪಕ್ಕ, ಹೊಸ ಬೊಂಬೆ ಇಟ್ಟಿದ್ದೇನೆ. ಇದಕ್ಕೆ ದಿನವೂ ನನ್ನನ್ನು ಗದರುವ ಮೇಸ್ತ್ರಿಯ ಮುಖವಿದೆ. ಸಂಕೋಚವಿಲ್ಲದೆ ದುಡಿಸು. ಮರಳು ಹೊರಿಸು, ಕಾಲುವೆ ತೋಡಿಸು. ನೀನು ಕೈ ತೊಳೆದುಕೊಂಡು ನೆರಳಿನಲ್ಲಿ ಕೂತುಕೋ.

ನನ್ನ ಗೋರಿಗೆಂದು ನಾನು ಬೊಂಬೆ ಮಾಡಿಕೊಂಡಿಲ್ಲ. ಬಂದ ಮೇಲೆ ಅಲ್ಲಿಯ ಕೆಲಸವನ್ನು ನಾವಿಬ್ಬರೂ ಸೇರಿಯೇ ಮಾಡೋಣ.

ನಿನ್ನ
ಪೆನ್ಬುಯ್