ಅಬಿಸೀನಿಯಾಕ್ಕೆ ಹೊರಟ ಹನ್ನೆರಡು ಕೌದಿಗಳು

ಉಬ್ರಾಣಿ, ೧೯೪೩

ಚನ್ನಗಿರಿಯ ಪರಿಹಾರ ಸಂಗ್ರಹಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಉಬ್ರಾಣಿಯ ಹೆಂಗಸರು ಅಬಿಸೀನಿಯಾದ ಮಕ್ಕಳಿಗೆಂದು ಹೊಲಿದುಕೊಟ್ಟ ಹನ್ನೆರಡು ಕೌದಿಗಳು ಎಂಟು ತಿಂಗಳಿಂದ ತಮ್ಮ ಕಚೇರಿಯಲ್ಲೇ ಬಿದ್ದಿವೆ. ಆಫ್ರಿಕಾ ದೂರವೆಂದು ಬಲ್ಲೆ. ತಮ್ಮ ಕಚೇರಿಯ ಹೊಸಿಲು ಅದಕ್ಕಿಂತ ದೂರವೆಂದು ತಿಳಿದಿರಲಿಲ್ಲ. ಅರ್ಜಿಗಳನ್ನು ಓದದ ತಾವು ಪತ್ರಿಕೆಯನ್ನಾದರೂ ಓದುವಿರೆಂದು ಇಲ್ಲಿ ಬರೆಯುತ್ತಿದ್ದೇನೆ.

ಯುದ್ಧದಲ್ಲಿ ನೊಂದ ದೇಶಗಳ ಮಕ್ಕಳಿಗೆ ಬಟ್ಟೆಬರೆ ಕೊಡಿ, ಎಷ್ಟು ಚಿಕ್ಕದಾದರೂ ಸರಿ ಎಂದು ಸಂತೆಯಲ್ಲಿ ಡಂಗುರ ಹೊಡೆಸಿದವರು ತಾವಲ್ಲವೆ? ಅದೇ ವಾರ ನಮ್ಮ ನೆರೆಮನೆಯ ಓಬವ್ವನ ತಮ್ಮ ಹನುಮಣ್ಣ, ಜಗಳೂರಿನವನು, ಅಬಿಸೀನಿಯಾದ ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿಸಿಕೊಂಡು ಅಕ್ಕನ ಮನೆಗೆ ಬಂದಿದ್ದ. ಅಲ್ಲಿಯ ಗುಡ್ಡಗಳ ಮಾತು ತೆಗೆದ. "ಬೆಳಗ್ಗೆ ಹಲ್ಲು ಕಟಕಟ ಅಂತಾವೆ ಕಣಕ್ಕಾ. ನಮಗೆ ಕಂಬಳಿ ಇತ್ತು. ಆ ಕೂಸುಗಳು ಮೈಮೇಲೆ ಚಿಂದಿನೂ ಇಲ್ದಂಗೆ ಕುಂತಿರ್ತಿದ್ವು. ಬಿದ್ದಾಗ ನಂಗೆ ನೀರು ತಂದುಕೊಟ್ಟಿದ್ದೂ ಅಂಥದೊಂದು ಕೂಸೇ" ಎಂದ. ಓಬವ್ವ ಒಲೆಯ ಮುಂದಿನಿಂದ ಎದ್ದವಳೇ ಪೆಟ್ಟಿಗೆ ತೆಗೆದಳು.

ಬಟ್ಟೆಯೇ ಸಿಗದ ಈ ಕಾಲದಲ್ಲಿ, ಸ್ವಾಮಿ, ಹಳೆಯ ಬಟ್ಟೆ ಎಂಬುದು ಉಂಟೆ? ಉಟ್ಟಿರುವುದೇ ಹಳೆಯದು. ಆದರೂ ಒಬ್ಬಳು ಸೆರಗು ಕತ್ತರಿಸಿಕೊಟ್ಟಳು, ಇನ್ನೊಬ್ಬಳು ಗಂಡನ ರುಮಾಲನ್ನೇ ಕದ್ದು ತಂದಳು. ಓಬವ್ವ ತಂದದ್ದು ಹಳದಿ ಲಂಗ. ಹೋದ ವರ್ಷ ಚಳಿಜ್ವರದಲ್ಲಿ ನಡುಗಿ ನಡುಗಿ ತೀರಿಕೊಂಡ ಅವಳ ಆರು ವರ್ಷದ ಮಗಳದು. "ಪೆಟ್ಟಿಗ್ಯಾಗೆ ಇಟ್ಕಂಡು ಏನ್ ಮಾಡ್ಲಿ? ಯಾವ್ದಾದ್ರೂ ಕೂಸು ಬೆಚ್ಚಗಿರ್ಲಿ" ಎಂದು ಕೌದಿಯ ನಟ್ಟನಡುವೆ ತಾನೇ ಹೊಲಿದಳು. ಆ ಸೂಜಿಯನ್ನು ನಮ್ಮ ಯಾರ ಕೈಗೂ ಕೊಡಲಿಲ್ಲ.

ಹನ್ನೆರಡನ್ನೂ ತಮ್ಮ ಕಚೇರಿಗೆ ಹೊತ್ತು ತಂದರೆ ತಮ್ಮ ಗುಮಾಸ್ತರು ನಕ್ಕರು. "ಆಫ್ರಿಕಾ ಅಂದ್ರೆ ಬೆಂಕಿಯಂಥ ಬಿಸಿಲಮ್ಮ, ಕೌದಿ ಯಾಕೆ? ಬೀಸಣಿಗೆ ಕೊಡಿ" ಎಂದರು. ಹನುಮಣ್ಣ ಕೋಲೂರಿಕೊಂಡು ಮುಂದೆ ಬಂದ. "ನಾನು ಅಲ್ಲಿದ್ದು ಬಂದೀನಿ ಸ್ವಾಮಿ, ಅಲ್ಲಿ ಚಳಿ ಐತೆ." ಅದಕ್ಕೆ ಪುರಾವೆ ಕೇಳಿದರು! ಗುಂಡು ಹೊಕ್ಕ ಕಾಲು ಸಾಲದೆ? ತಾವು ಕಲಿತ ಶಾಲೆಯ ಭೂಪಟದಲ್ಲಿ ಆಫ್ರಿಕಾಕ್ಕೆ ಬೆಟ್ಟಗಳೇ ಇರಲಿಲ್ಲವೆ? ತಮ್ಮ ಭೂಗೋಳದ ಸಂದೇಹ ತೀರುವವರೆಗೆ ಕೌದಿಗಳನ್ನು ವಿಚಾರಣೆಯಲ್ಲಿಟ್ಟರು. ವಿಚಾರಿಸಲು ನಾನು ಐದು ಸಲ ಬಂದೆ. ಐದು ಸಲವೂ ತಾವು ಸರ್ಕೀಟಿನಲ್ಲಿದ್ದಿರಿ.

ಕಳೆದ ಸಂತೆಯ ದಿನ ಓಬವ್ವನೂ ಜೊತೆಗೆ ಬಂದಳು. ಗುಮಾಸ್ತರು ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಅವರ ಕೆಳಗೆ ಮಡಿಸಿ ಹಾಸಿದ್ದ ಕೌದಿಯ ಮಡಿಕೆಯಲ್ಲಿ ಆ ಲಂಗದ ಹಳದಿ ಕಾಣುತ್ತಿತ್ತು. ಓಬವ್ವ ಮೆಲ್ಲಗೆ, "ಸ್ವಲ್ಪ ಏಳ್ರೀ" ಎಂದಳು. ಅವರು ಏಳಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಓಬವ್ವ ಕೌದಿ ವಾಪಸು ಕೇಳುತ್ತಿಲ್ಲ, ಮಾನ್ಯರೇ. ಹಿಂದಿರುಗುವಾಗ ದಾರಿಯಲ್ಲಿ ಅವಳು ಆಡಿದ್ದು ಇಷ್ಟೇ: "ಅವ್ರು ಕುಂತಿದ್ದನ್ನ ಹಂಗೇ ಆ ಕೂಸಿಗೆ ಕಳಿಸಬ್ಯಾಡ್ರಿ ಅಂತ ಬರೀರಿ ಅಮ್ಮಾರೆ. ನಾನು ಒಗೆದು ಕೊಡ್ತೀನಿ." ಬರುವ ಸಂತೆಗೆ ಅವಳು ಬರುತ್ತಾಳೆ. ಅದು ಒಣಗಿದ ಮರುದಿನವೇ ಹನ್ನೆರಡೂ ಕೌದಿಗಳು ಬೊಂಬಾಯಿಯ ರೈಲು ಹತ್ತಬೇಕು. ಅವಳು ಬಾಗಿಲಿಗೆ ಬರುವಷ್ಟರಲ್ಲಿ ತಮ್ಮ ಗುಮಾಸ್ತರು ಎದ್ದು ನಿಂತಿರಲಿ. ಅವಳು ಎರಡನೇ ಸಲ ಕೇಳುವಂತಾಗಬಾರದು.

ಇಂತಿ,
ತಮ್ಮ ಡಂಗುರವನ್ನು ನಿಜವೆಂದು ನಂಬಿ ಊರವರನ್ನೂ ನಂಬಿಸಿದ ದಡ್ಡಿ,
ಸರ್ವಮಂಗಳಮ್ಮ