ಪ್ಲಾಸ್ಟಿಕ್ಕು ಖರೇನ ಹೇಳಿತ್ತು

ರಾಮತೀರ್ಥ ನಗರ, ಬೆಳಗಾವಿ
೧೪ ಅಕ್ಟೋಬರ್ ೨೦೦೧

ಪ್ರೀತಿಯ ತಮ್ಮ ಅಮರಾ,

ಆರಾಮ ಇದ್ದೀಯೇನೋ? ಜೋಧಪುರದಾಗ ಬಿಸಲು ಇನ್ನೂ ಉರೀತಿರಬೇಕು. ಡ್ಯೂಟಿ ಅಂತ ಊಟ ಬಿಡಬ್ಯಾಡ. ನಮ್ಮೂರು ಗುಂಜಿಯಾಗ ಅಪ್ಪ ಮತ್ತ ಎಮ್ಮಿ ಹೊಡಕೊಂಡು ಹೊಂಟಾನ, ಮಾತು ಮಾತ್ರ ಕಡಿಮಿ. ಅವ್ವ ತೀರಿದ ಮ್ಯಾಲೆ ದಿನಕರ್ಮ ಮುಗಿಸಿ ನೀ ಹೋದಾಗಿಂದ ಈ ಕಾಗದ ಮೂರು ಸಲ ಬರದು ಹರದೀನಿ.

ನಮ್ಮ ಲ್ಯಾಬಿನ ಕೆಲಸ ಒಮ್ಮೆ ಹೇಳಿದ್ದೆ, ನೀ ನಕ್ಕಿದ್ದಿ. ಒಂದು ಪ್ರೋಟೀನಿನ ಸುತ್ತ ಪ್ಲಾಸ್ಟಿಕ್ ಹೆಪ್ಪುಗಟ್ಟಿಸಿ, ಆಮ್ಯಾಲೆ ಆ ಪ್ರೋಟೀನು ತೊಳದು ತಗೀತೀವಿ. ಅದರ ಆಕಾರದ ಗೂಡು ಉಳೀತೈತಿ. ಮುಂದ ಅಂಥದೇ ಪ್ರೋಟೀನು ಬಂದ್ರ ಗೂಡು ಗುರ್ತು ಹಿಡದು ಒಳಗ ತಗೋತೈತಿ, ಬಣ್ಣ ಹಾಕಿದ್ರ ನೀಲಿ ಆಗ್ತೈತಿ. ಕಿಡ್ನಿ ಕೆಟ್ಟವರ ಮೂತ್ರದಾಗ ಅದು ಸೋರತೈತಿ. ಹಳ್ಳಿಯಾಗ ಕುಂತು, ದೊಡ್ಡ ಯಂತ್ರ ಇಲ್ಲದ, ಅದನ್ನ ಪತ್ತೆ ಹಚ್ಚಬೇಕು ಅನ್ನೋದು ನನ್ನ ಹಂಬಲ.

ಹೋಲಿಸಿ ನೋಡಾಕ ಆರೋಗ್ಯವಂತರ ಮೂತ್ರ ಬೇಕಾಗಿತ್ತು. ಯುಗಾದಿಗೆ ಊರಿಗೆ ಹೋದಾಗ ಅವ್ವನ್ನ ಕೇಳಿದೆ. "ಇದಕ್ಕ ಇಷ್ಟು ಸಾಲಿ ಕಲತೇನವ್ವಾ?" ಅಂತ ಸೆರಗು ಬಾಯಿಗಿಟ್ಟು ನಕ್ಕು ಸೀಸೆ ತುಂಬಿಕೊಟ್ಟಳು. ಅದು ಕಡು ನೀಲಿ ಆತು. ಮತ್ತೊಮ್ಮೆ ಮಾಡಿದೆ, ಮತ್ತೂ ನೀಲಿ. ನಮ್ಮ ಗುರುಪಾದಪ್ಪ ಸರ್, "ಗಟ್ಟಿಮುಟ್ಟಾದವರಿಗೂ ನೀಲಿ ಬಂತಂದ್ರ ನಿನ್ನ ಪ್ಲಾಸ್ಟಿಕ್ಕೇ ಸುಳ್ಳು" ಅಂದ್ರು. ದಿನಾ ಅಡವಿತನಕ ಎಮ್ಮಿ ಹಿಂದ ನಡೆಯೋ ಅವ್ವನ ಮ್ಯಾಲೆ ನನಗೂ ಅನುಮಾನ ಬರಲಿಲ್ಲೋ. ಮಾಡಿದ್ದೆಲ್ಲಾ ಚೆಲ್ಲಿ ಹೊಸದಾಗಿ ಮಾಡಾಕ ಕುಂತೆ. ಐದು ತಿಂಗಳು ಹೋತು.

ಗಣಪತಿ ಹಬ್ಬಕ್ಕ ಅವ್ವನ ಮುಖ, ಕಾಲು ಬಾತವು. ದವಾಖಾನಿಗೆ ತಂದಾಗ ಎರಡೂ ಕಿಡ್ನಿ ಮುಗದಿದ್ದವು. "ಮೊದಲ ಯಾವಾಗರ ಮೂತ್ರ ಪರೀಕ್ಷಾ ಮಾಡಿಸಿದ್ರೇನು?" ಅಂತ ಡಾಕ್ಟರು ಕೇಳಿದ್ರು. ಅವ್ವ ಮಂಚದ ಮ್ಯಾಲಿಂದ, "ನನ್ನ ಮಗಳು ಮಾಡ್ಯಾಳ್ರೀ" ಅಂದ್ಳು. ಎಷ್ಟು ಹೆಮ್ಮೆಲೆ ಅಂದ್ಳು ಅಂತಿ.

ಅಪ್ಪಗ ಹೇಳಾಕ ಧೈರ್ಯ ಇಲ್ಲ. ನಿನಗ ಹೇಳದ ಇರಾಕ ಆಗೂದಿಲ್ಲ. ಬೈಯೋದಿದ್ರ ಬೈದು ಬರಿ, ಬರೀದ ಮಾತ್ರ ಇರಬ್ಯಾಡ. ಅಪ್ಪ ನಿನ್ನ ಹೆಸರು ಹೇಳಿ ದೇವರಿಗೆ ಕೈ ಮುಗೀತಾನ.

ನಿನ್ನ ಅಕ್ಕ,
ಶೀತಲ

ತಾ.ಕ.: ಎರಡು ದಿನದಿಂದ ಫೋನ್ ಹಚ್ಚಾಕತ್ತೀನಿ, ಹತ್ತವಲ್ದು. ಯುಗಾದಿ ರಜಾಕ್ಕ ಬಂದಾಗ ನೀನೂ ಚ್ಯಾಷ್ಟಿ ಮಾಡಕೋತ ಒಂದು ಸೀಸೆ ಕೊಟ್ಟಿದ್ದಿ. ಮೊನ್ನೆ ಲ್ಯಾಬಿನ ಹಳೇ ವಹಿ ತಗದು ನೋಡಿದೆ. ನಿಂದೂ ನೀಲಿ ಬಂದಿತ್ತು, ಅವ್ವಂದಕ್ಕಿಂತ ತಿಳಿ. ಅದನ್ನೂ ಸುಳ್ಳು ಅಂತ ಗೀಟು ಹೊಡದೀನಿ. ಅಮರಾ, ಇದನ್ನ ಓದಿದ ದಿನಾನ ಮಿಲಿಟರಿ ದವಾಖಾನಿಗೆ ಹೋಗಿ ಮೂತ್ರ ತೋರಸು. ನಾಳೆ ಅನಬ್ಯಾಡ.