ರೋಸ್‌ಮೆರಿಯ ಏಳು ಮೊಳಕೆ

ಯಡ್ತರೆ
೧೮ ನವೆಂಬರ್ ೨೦೨೪, ಸೋಮವಾರ

ಮಗಳೇ ಸೌಜನ್ಯಾ,

ನಿನ್ನ ಅತ್ತೆ ಬಾಗಿಯ ಆಶೀರ್ವಾದ. ಕೈಯ ಪ್ಲಾಸ್ಟರ್ ಬಿಚ್ಚಿದರೇ? ಬೆರಳು ಮಡಚಲು ಬರುತ್ತದೆಯೇ? ಬ್ರಹ್ಮಾವರದ ಚಿಕ್ಕಮ್ಮನ ಮನೆಯೆಂದು ನಾಚಿ ಅರೆಹೊಟ್ಟೆ ಉಣ್ಣಬೇಡ, ಸುಗುಣ ಒಳ್ಳೆಯವಳು. ನೀನು ಹೋದ ದಿನವೇ ನನ್ನ ಮಗ ಪ್ರವೀಣ ನನ್ನ ಫೋನನ್ನು ಬಾವಿಗೆ ಎಸೆದ. ಅದಕ್ಕೇ ಈ ಕಾಗದ.

ಕೂದಲ ಎಣ್ಣೆಗೆಂದು ನೀನು ಬಿತ್ತಿದ ರೋಸ್‌ಮೆರಿ ಬೀಜದ ಟ್ರೇಯನ್ನು ನಾನೇ ನೋಡಿಕೊಂಡೆ. ನೀನು ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಬಿತ್ತುವಾಗ "ತಲಿಗೆ ಹಾಕುಕೆ ತೆಂಗಿನೆಣ್ಣಿ ಸಾಲ್ದಾ? ಇದೆಂತಕ್?" ಎಂದು ನಕ್ಕವಳು ನಾನು. ನೀನು ಹೇಳಿದ್ದ ಹಾಗೆ ಮೇಲೆ ಮಣ್ಣು ಮುಚ್ಚದೆ, ಬೆಳಿಗ್ಗೆ ಮಾತ್ರ ನೀರು ಚಿಮುಕಿಸಿದೆ. ಎರಡು ವಾರ ಏನೂ ಇಲ್ಲ. ಒಂದು ಮೂಲೆಗೆ ಬೂಷ್ಟು ಬಂತು, ಚಮಚದಲ್ಲಿ ಕೆರೆದು ತೆಗೆದೆ. ಕಳೆದ ಸೋಮವಾರ ನೋಡಿದರೆ ನಲವತ್ತು ಬೀಜದಲ್ಲಿ ಏಳು ಮೊಳೆತಿದ್ದವು, ಸೊಳ್ಳೆಯ ಕಾಲಿನಷ್ಟು ಸಪೂರ. ಯಾರಿಗೆ ಹೇಳಲಿ ಎಂದು ಅಂಗಳದಲ್ಲಿ ಒಬ್ಬಳೇ ನಿಂತಿದ್ದೆ.

ಅಷ್ಟರಲ್ಲಿ ಪ್ರವೀಣ ಎದ್ದು ಬಂದ. "ಅದ್ ಎಲ್ಲಿತ್ ಅಂದ್ ಹೇಳ್" ಎಂದು ನಿನ್ನ ಬಗ್ಗೆ ಕೇಳಿದ. ನಿನ್ನ ಸುದ್ದಿ ಗೊತ್ತಿಲ್ಲ ಎಂದೆ. ಟ್ರೇಯನ್ನು ಒದ್ದು, ಚೆಲ್ಲಿದ್ದನ್ನು ಚಪ್ಪಲಿಯಲ್ಲಿ ತುಳಿದ. ನನ್ನ ಕೂದಲು ಹಿಡಿದು ಹಣೆಯನ್ನು ಬಾಗಿಲ ದಾರಂದಕ್ಕೆ ಬಡಿದ, ಎರಡು ಸಲ. "ಹೇಳ್ತ್ಯಾ ಇಲ್ಯಾ?" ರಕ್ತ ಕಣ್ಣಿಗಿಳಿಯಿತು. ಬಚ್ಚಲೊಲೆಯ ಸೌದೆ ಕೈಗೆ ಸಿಕ್ಕಿತು. ಮೊದಲ ಪೆಟ್ಟು ಅವನ ಮೊಣಕೈಗೆ. ಎಲುಬು ಮುರಿದ ಸದ್ದು ಕೇಳಿಸಿತು. ಬಿದ್ದ. ನಾನು ನಿಲ್ಲಿಸಲಿಲ್ಲ. ಬೆನ್ನಿಗೆ ಹೊಡೆದೆ, ತೊಡೆಗೆ ಹೊಡೆದೆ. "ಅಮ್ಮಾ" ಎಂದ, ಆಗಲೂ ಹೊಡೆದೆ. ಪಕ್ಕದ ಮನೆಯ ಮುತ್ತ ಓಡಿ ಬಂದು "ಹ್ವಾಯ್ ಬಾಗಿಯಕ್ಕ, ಬಿಡಿ, ಸತ್ತೇ ಹೋತ!" ಎಂದು ನನ್ನನ್ನು ಹಿಡಿದುಕೊಂಡ ಮೇಲೆಯೇ ಸೌದೆ ಬಿಟ್ಟೆ.

ಹೊಡೆಯುವಾಗ ಕಿವಿಯಲ್ಲಿ ನಿನ್ನ ಕೂಗಿತ್ತು. ಅವನು ನಿನ್ನ ಕೈ ತಿರುಚಿ ಮುರಿದ ದಿನ "ಅತ್ತೇ" ಎಂದು ಕರೆದೆಯಲ್ಲ, ನಾನು ಹಿತ್ತಿಲಲ್ಲಿ ಬಂಗುಡೆ ತೊಳೆಯುತ್ತಿದ್ದೆ. ಕೇಳಿಸಿತ್ತು ಮಗಳೇ. ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟುಕೊಂಡೆ. ಕ್ಷಮೆ ಕೇಳುವ ಮುಖ ನನಗಿಲ್ಲ.

ಅವನನ್ನು ಆಸ್ಪತ್ರೆಗೆ ಸೇರಿಸಿದಾಗ ಪೊಲೀಸರು ಬಂದರು. ಅವನೇ ಜಾರಿ ಬಿದ್ದನೆಂದು ಹೇಳಿ ಎಂದು ಮುತ್ತ ಕಿವಿಯಲ್ಲಿ ಉಸುರಿದ. ನಾನು ಪೊಲೀಸರಿಗೆ ನಾನೇ ಹೊಡೆದೆ ಎಂದೆ, ಯಾಕೆಂದೂ ಹೇಳಿದೆ. ಅಂದು ನಾವು ಹೇಳಿದ ಹಾಗೆ ನೀನು ಮೆಟ್ಟಿಲಿನಿಂದ ಬಿದ್ದದ್ದಲ್ಲ ಎಂದೂ ಬರೆಸಿ ಸಹಿ ಹಾಕಿದೆ.

ಮೂರು ಸಸಿ ಉಳಿದಿವೆ. ಆಚೆಮನೆಯ ಜಲಜ ತನ್ನ ಮಗಳ ಮನೆಗೆಂದು ಬ್ರಹ್ಮಾವರಕ್ಕೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಬಿಸಿಲು ಬೀಳುವ ಕಡೆ ಇಡು. ಸುಗುಣನಿಗೆ ನಮಸ್ಕಾರ ಹೇಳು. ನೀನು ನೂರು ಕಾಲ ಹೆದರದೆ ಬಾಳು.

ನಿನ್ನ ಅತ್ತೆ
ಬಾಗಿ

ಮತ್ತೊಂದು ಮಾತು: ಜಲಜ ಬಸ್ಸಿಗೆ ಅವಸರ ಮಾಡುತ್ತಿದ್ದಾಳೆ. ಪ್ರವೀಣ ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ಒಳಗೆ ಮಲಗಿದ್ದಾನೆ. ಅತ್ತೆಗೆ ಹುಷಾರಿಲ್ಲ, ಒಮ್ಮೆ ಬಂದು ಹೋಗು ಎಂದು ಅವನು ಫೋನ್ ಮಾಡಿದರೆ ಬರಬೇಡ. ಅತ್ತೆ ಸತ್ತಳು ಎಂದರೂ, ಅದು ನಿಜವೇ ಆಗಿದ್ದರೂ, ಬರಬೇಡ.